ಕಂಕನಾಡಿಯ ಮಹಡಿ ಮೇಲಿನ ಚಪ್ಪಲಿ ಅಂಗಡಿ: 4 ಸ್ಟಾರ್, ಒಂದು ಮೆಟ್ಟಿಲಿಗೆ ಕಟ್

ಮೊದ್ಲೇ ಹೇಳಿಬಿಡ್ತೇನೆ, ಅಂಗಡಿ ಹೆಸರು ಹಾಕ್ತಾ ಇಲ್ಲ. ರಿವ್ಯೂ ಬರೀಲಾ ಅಂತ ಅವರ ಹತ್ರವೇ ಕೇಳಿದ್ದೆ, "ಬರೀರಿ ಮೇಡಂ, ಹೆಸರು ಮಾತ್ರ ಬೇಡ, ಈಗ ಇರುವ ಆರ್ಡರೇ ಮುಗೀತಾ ಇಲ್ಲ" ಅಂದ್ರು. ಗಿರಾಕಿ ಬೇಡ ಅನ್ನುವ ಅಂಗಡಿಯವ್ರನ್ನ ಮಂಗ್ಳೂರಲ್ಲಿ ನಾನು ನೋಡಿದ್ದು ಇದೇ ಮೊದ್ಲು. ಕಂಕನಾಡಿ ಕಡೆ ಒಂದು ಹಳೇ ಬಿಲ್ಡಿಂಗ್, ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ಇವ್ರು, ಇವ್ರ ಪಕ್ಕದ ರೂಮಲ್ಲಿ ಒಬ್ರು ಫಿಸಿಯೋ. ಶುಗರ್ ಇದ್ದವ್ರಿಗೆ ಚಪ್ಪಲಿ, ಶೂ ಒಳಗೆ ಹಾಕುವ ಇನ್‌ಸೋಲ್, ಮಂಡಿಗೆ ಬೆಲ್ಟ್, ಸಣ್ಣ ಮಕ್ಕಳ ಕಾಲಿಗೆ ಸ್ಪ್ಲಿಂಟ್, ಇದೆಲ್ಲ ಅಳತೆ ತಗೊಂಡು ಮಾಡಿ ಕೊಡ್ತಾರೆ. ಕಾಲು ಸರಿ ಇಲ್ಲದವ್ರೇ ಬರುವ ಜಾಗಕ್ಕೆ 22 ಮೆಟ್ಟಿಲು, ಲಿಫ್ಟ್ ಇಲ್ಲ. ಒಂದು ಸ್ಟಾರ್ ಅಲ್ಲಿಗೇ ಹೋಯ್ತು.

ಆದ್ರೆ ಬರೀ ಚಪ್ಪಲಿ ಬಗ್ಗೆ ಬರೆದ್ರೆ ಈ ಅಂಗಡಿ ಯಾಕೆ ಒಳ್ಳೇದು ಅಂತ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ, ಯಾಕಂದ್ರೆ ಚಪ್ಪಲಿ ನೋಡ್ಲಿಕ್ಕೆ ಏನೇನೂ ಚಂದ ಇಲ್ಲ. ಇಲ್ಲಿಗೆ ಬಂದು ಮುಟ್ಟುವ ಮೊದ್ಲು ನಾವು ಎಲ್ಲೆಲ್ಲಿ ಸುತ್ತಿದ್ವು ಅಂತ ಹೇಳ್ಬೇಕು, ಉದ್ದ ಆಗ್ತದೆ, ಚಾ ಇಟ್ಕೊಂಡು ಓದಿ.

ಅಮ್ಮನಿಗೆ 67, ಶುಗರ್ ಶುರುವಾಗಿ 16 ವರ್ಷ, ಮನೆ ಉಡುಪಿಯಲ್ಲಿ. ಹೋದ ವರ್ಷ ಬಲಗಾಲಿನ ಅಂಗಾಲಲ್ಲಿ, ಹೆಬ್ಬೆರಳಿನ ಬುಡದ ಹತ್ರ ಚರ್ಮ ದಪ್ಪ ಕಟ್ಲಿಕ್ಕೆ ಶುರುವಾಯ್ತು. ಆಣಿ ಅಂತ ಅಮ್ಮ, ಆಯ್ತು ಆಣಿ ಅಂತ ನಾವು. ಮೊದಲ ತಪ್ಪು ನನ್ನದೇ. ಚಿಕ್ಕಮ್ಮನ ಮಗಳ ಮದುವೆ ಇತ್ತು, ಅಮ್ಮನನ್ನೂ ಪಾರ್ಲರಿಗೆ ಕರ್ಕೊಂಡು ಹೋಗಿ ಪೆಡಿಕ್ಯೂರ್ ಮಾಡಿಸಿದೆ, ಆ ಹುಡುಗಿ ಬಿಸಿ ನೀರಲ್ಲಿ ಕಾಲು ನೆನೆಸಿ ಬ್ಲೇಡ್ ಇರುವ ಒಂದು ತುರಿಮಣೆಯಂಥದ್ರಲ್ಲಿ ಆ ದಪ್ಪ ಚರ್ಮವನ್ನ ತೆಂಗಿನಕಾಯಿ ತುರಿದ ಹಾಗೆ ತುರಿದು ತೆಗೆದ್ಲು. ಅಮ್ಮನಿಗೆ ಎಂತ ಖುಷಿ, ಕಾಲು ಹೂವಿನ ಹಾಗಾಯ್ತು ಅಂತ. ನೀರು ಎಷ್ಟು ಬಿಸಿ ಇತ್ತು ಅಂತ ಅಮ್ಮನಿಗೂ ಗೊತ್ತಾಗಿಲ್ಲ, ನಾನೂ ಮುಟ್ಟಿ ನೋಡಿಲ್ಲ. ಎರಡು ವಾರದಲ್ಲಿ ಅದೇ ಜಾಗದಲ್ಲಿ ಮೊದ್ಲಿಗಿಂತ ಗಟ್ಟಿಯಾಗಿ ಬಂತು. ಮತ್ತೆ ಹೋದಾಗ ಅವಳು, "ಆಂಟಿ ತಿಂಗಳಿಗೊಮ್ಮೆ ಬನ್ನಿ, ಡಾಕ್ಟ್ರ ಹತ್ರ ಹೋಗ್ಬೇಡಿ, ಅವ್ರು ಸುಮ್ನೆ ಕೊಯ್ತಾರೆ" ಅಂದ್ಲು.

ಆಮೇಲೆ ಅಣ್ಣ ಮೆಡಿಕಲ್‌ನಿಂದ ಆಣಿ ಪ್ಲಾಸ್ಟರ್ ತಂದ. ಅದ್ರಲ್ಲಿ ಇರುದು ಸ್ಯಾಲಿಸಿಲಿಕ್ ಆಸಿಡ್, ಚರ್ಮವನ್ನ ಸುಟ್ಟು ಮೆದು ಮಾಡುದು, ಶುಗರ್ ಇದ್ದವ್ರು ಹಾಕ್ಬಾರ್ದು ಅಂತ ಕವರಿನ ಮೇಲೆ ಇರುವೆ ಸಾಲಿನ ಹಾಗಿರುವ ಅಕ್ಷರದಲ್ಲಿ ಬರ್ದಿರ್ತದೆ. ನಾವು ಯಾರು ಓದುವವ್ರು.

ಮೂರನೇದು ಒಂದು ದೊಡ್ಡ ಶೂ ಅಂಗಡಿ. ಗಾಜಿನ ಮೇಲೆ ನಿಂತ್ರೆ ಕಂಪ್ಯೂಟರಲ್ಲಿ ಪಾದ ಹಸಿರು ಹಳದಿ ಕೆಂಪು ಬಣ್ಣದಲ್ಲಿ ಬರ್ತದೆ, ಥೇಟ್ ಹವಾಮಾನದ ಮ್ಯಾಪು. ಟೈ ಹಾಕಿದ ಹುಡುಗ, ನಿಮ್ಮದು ಚಪ್ಪಟೆ ಪಾದ ಆಂಟಿ, 6,500ರ ಇನ್‌ಸೋಲ್ ಹಾಕಿದ್ರೆ ಆರು ತಿಂಗಳಲ್ಲಿ ಸರಿ ಆಗ್ತದೆ ಅಂದ. ಫಿಸಿಯೋ ಮಾಡಿಸ್ಬೇಕಾ ಅಂತ ಕೇಳಿದ್ದಕ್ಕೆ ಅವ್ನು ಹೇಳಿದ್ದು, "ಅವ್ರು ಕಾಲು ಎಳ್ದು ದುಡ್ಡು ತಗೊಳ್ತಾರೆ ಅಷ್ಟೇ". ಆ ಇನ್‌ಸೋಲ್ ಅಮ್ಮನ ಯಾವ ಚಪ್ಪಲಿಗೂ ಹಿಡೀಲಿಲ್ಲ, ಅಮ್ಮ ಜನ್ಮದಲ್ಲಿ ಶೂ ಹಾಕಿದವ್ರಲ್ಲ, ಆ ಹುಡುಗ ಅದನ್ನ ಕೇಳಲೂ ಇಲ್ಲ. ನಾಲ್ಕನೇದು ಫಿಸಿಯೋ, ಈಗ ಹೇಳಿದ ಪಕ್ಕದ ರೂಮಿನವ್ರಲ್ಲ, ಇನ್ನೊಂದು ಕಡೆ. ಅವ್ರು ಇನ್‌ಸೋಲನ್ನ ಎರಡು ಬೆರಳಲ್ಲಿ ಎತ್ತಿ ಹಿಡ್ದು ಇದು ವೇಸ್ಟ್, 10 ಸಿಟ್ಟಿಂಗ್ ತಗೊಳ್ಳಿ ಅಂದ್ರು. ಐದನೇದು ಎಲುಬಿನ ಡಾಕ್ಟ್ರು. ಎಕ್ಸ್‌ರೇ ತೆಗೆಸಿ ಎಲುಬು ಸರಿ ಉಂಟು ಅಂದ್ರು, ಅದು ನಿಜವೇ, ಎಲುಬು ಸರಿಯೇ ಇತ್ತು. ಅಂಗಾಲು ನೋಡ್ಲಿಲ್ಲ.

ನೀವೇ ನೋಡಿ ಮಾರಾಯ್ರೆ, ಐದು ಜನ, ಐವರಿಗೂ ಅಮ್ಮನ ಕಾಲು ತಮ್ಮದೇ ಸೈಟು ಅಂತ ಲೆಕ್ಕ, ಬೇಲಿ ಹಾಕಿ ಕೂತಿದ್ದಾರೆ, ಪಕ್ಕದವ ಒಳಗೆ ಬರ್ಬಾರ್ದು. ಒಬ್ಬರಾದ್ರೂ ಇದು ನನ್ನ ಕೆಲ್ಸ ಅಲ್ಲ, ಇಂಥವ್ರಿಗೆ ತೋರಿಸಿ ಅಂತ ಹೇಳಿಲ್ಲ.

ಒಂದು ದಿನ ಬೆಳಿಗ್ಗೆ ದೇವ್ರ ಕೋಣೆಯಿಂದ ಅಡಿಗೆ ಕೋಣೆವರೆಗೆ ಬಿಳಿ ಟೈಲ್ಸ್ ಮೇಲೆ ಕೆಂಪು ಚುಕ್ಕೆ. ಕುಂಕುಮ ಚೆಲ್ಲಿದ್ದಾರೆ ಅಂತ ಒದ್ದೆ ಬಟ್ಟೆ ತಗೊಂಡು ಒರೆಸ್ಲಿಕ್ಕೆ ಕೂತೆ, ಒರೆಸಿದ್ರೆ ಅಂಟ್ತದೆ. ಎರಡು ಅಡಿಗೊಂದು ಚುಕ್ಕೆ, ಎಲ್ಲಾ ಬಲಗಾಲಿನ ಹೆಜ್ಜೆ ಬೀಳುವ ಲೆಕ್ಕದಲ್ಲೇ. ಅಮ್ಮ ಒಲೆ ಮುಂದೆ ನಿಂತು ದೋಸೆ ಹೊಯ್ತಾ ಇದ್ರು. ನೋವಿಲ್ಲ, ಏನಿಲ್ಲ. ಕಾಲು ಎತ್ತಿಸಿ ನೋಡಿದ್ರೆ ಆ ಗಟ್ಟಿ ಚರ್ಮದ ಮಧ್ಯ ಒಂದು ತೂತು, ಒಳಗೆ ಹುಣ್ಣು. ನೋವಿದ್ರೆ ಯಾವಾಗಲೋ ಹೇಳ್ತಿದ್ರಲ್ಲ, ನೋವು ಇಲ್ಲದ್ದೇ ರೋಗ ಅಂತ ಆಗ ನಮ್ಗೆ ಗೊತ್ತಿರ್ಲಿಲ್ಲ.

ಅವತ್ತೇ ಮಂಗ್ಳೂರಿಗೆ, ಶುಗರ್ ಕಾಲು ನೋಡುವ ಡಾಕ್ಟ್ರ ಹತ್ರ. ಅವ್ರು ಮಾಡಿದ ಪರೀಕ್ಷೆ ಎಷ್ಟು ಸಣ್ಣದು ಅಂದ್ರೆ ನಗು ಬರ್ತದೆ. ಮೀನಿನ ಗಾಳದ ನೂಲಿನಂಥ ಒಂದು ನೈಲಾನ್ ಎಳೆ, ಪೆನ್ನಿನ ಹಾಗೆ ಹಿಡಿ ಇರುದು, 10 ಗ್ರಾಂ ಒತ್ತಡಕ್ಕೆ ಬಾಗ್ತದೆ. ಅಮ್ಮನಿಗೆ ಕಣ್ಣು ಮುಚ್ಚಿಸಿ ಅಂಗಾಲಿನ ಬೇರೆ ಬೇರೆ 10 ಜಾಗದಲ್ಲಿ ಮುಟ್ಟಿಸಿ, ಮುಟ್ಟಿದಾಗ ಹೂಂ ಅನ್ನಿ ಅಂದ್ರು. 6 ಕಡೆ ಅಮ್ಮ ಸುಮ್ಮನೆ ಕೂತಿದ್ರು, ಇನ್ನೂ ಶುರು ಮಾಡಿಲ್ವಾ ಅಂತ ಕೇಳಿದ್ರು ಬೇರೆ. ನನ್ಗೆ ಅಲ್ಲೇ ಕಣ್ಣೀರು ಬಂತು. ಗಾಯ ಕ್ಲೀನ್ ಮಾಡಿ ಡ್ರೆಸ್ಸಿಂಗ್ ಹಾಕಿ, ಔಷಧಿ ಎಷ್ಟು ಕೊಟ್ರೂ ಅದೇ ಜಾಗಕ್ಕೆ ಭಾರ ಬೀಳ್ತಾ ಇದ್ರೆ ಗಾಯ ಒಣಗುದಿಲ್ಲ, ಭಾರ ತೆಗೀಬೇಕು, ಅದನ್ನ ಮಾಡುವವ್ರು ಬೇರೆ ಇದ್ದಾರೆ ಅಂತ ಒಂದು ಚೀಟಿ ಬರೆದು ಈ ಮಹಡಿ ಅಂಗಡಿಗೆ ಕಳ್ಸಿದ್ರು. ಇನ್ನೊಬ್ರ ಕೆಲ್ಸಕ್ಕೆ ಒಬ್ರು ಚೀಟಿ ಬರೆದದ್ದು ನಾನು ಮೊದಲ ಸಲ ನೋಡಿದ್ದು.

22 ಮೆಟ್ಟಿಲು ಹತ್ತಿದ್ವು. ಒಳಗೆ ಒಂದು ಕಡೆ ಗ್ರೈಂಡರ್ ಮೆಷಿನ್ನು, ರಬ್ಬರ್ ಪುಡಿ, ಸೊಲ್ಯೂಶನ್ ವಾಸನೆ. ಅಂಗಡಿಯವ್ರು ಓದಿದ್ದು ಪ್ರಾಸ್ಥೆಟಿಕ್ಸ್ ಆಂಡ್ ಆರ್ಥೋಟಿಕ್ಸ್, ಅಂದ್ರೆ ಕೃತಕ ಕೈಕಾಲು, ಬೆಲ್ಟು, ಸ್ಪ್ಲಿಂಟು ಮಾಡುವ ನಾಲ್ಕೂವರೆ ವರ್ಷದ ಡಿಗ್ರಿ, ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ರಿಜಿಸ್ಟ್ರೇಶನ್ ಸರ್ಟಿಫಿಕೇಟ್ ಗೋಡೆಯಲ್ಲಿ ಫ್ರೇಮ್ ಹಾಕಿ ಇಟ್ಟಿದ್ದಾರೆ. ಅವ್ರ ಜೊತೆ ಒಬ್ರು ವಯಸ್ಸಾದವ್ರು, ಚಪ್ಪಲಿ ಹೊಲಿಯುವವ್ರು, ಎಲ್ರೂ ಮೇಸ್ತ್ರಿ ಅಂತಾರೆ. ಮೇಸ್ತ್ರಿ ಮೊದ್ಲು ಮಾತಾಡಿದ್ದೇ ತುಳುವಲ್ಲಿ, "ದಾನೆ ಅಮ್ಮಾ, ಬೇನೆ ಉಂಡಾ?" ಅಂತ. ಬೇನೆ ಇಲ್ಲ ಅಂದ್ರು ಅಮ್ಮ. ಮೇಸ್ತ್ರಿ ಅಂಗಡಿಯವ್ರ ಮುಖ ನೋಡಿದ್ರು, ಅಂಗಡಿಯವ್ರು ಮೇಸ್ತ್ರಿ ಮುಖ ನೋಡಿದ್ರು. ಇಬ್ರಿಗೂ ಅರ್ಥ ಆಯ್ತು.

ಮೊದ್ಲು ಗಾಯ ಇಲ್ಲದ ಎಡಗಾಲಿನ ಅಚ್ಚು ತೆಗೆದ್ರು. ಒಂದು ರಬ್ಬರ್ ಹಾಳೆ, ಅದ್ರ ಅಡಿಯಲ್ಲಿ ಸಣ್ಣ ಸಣ್ಣ ಚೌಕದ ಗೆರೆ, ಅದಕ್ಕೆ ಶಾಯಿ ಹಚ್ಚಿ ಕೆಳಗೆ ಪೇಪರ್ ಇಟ್ಟು ಮೇಲೆ ಕಾಲಿಟ್ಟು ನಡೀಲಿಕ್ಕೆ ಹೇಳಿದ್ರು. ಪೇಪರ್ ಎತ್ತಿದ್ರೆ ಪಾದದ ಗುರುತು, ಒತ್ತಡ ಕಮ್ಮಿ ಇದ್ದಲ್ಲಿ ತೆಳು ಬೂದಿ, ಹೆಚ್ಚಿದ್ದಲ್ಲಿ ಕಪ್ಪು. ಹೆಬ್ಬೆರಳ ಬುಡದಲ್ಲಿ ಹಳೇ ಐದು ರೂಪಾಯಿ ನಾಣ್ಯದಷ್ಟು ದೊಡ್ಡ ಕಡು ಕಪ್ಪು ವೃತ್ತ, ಗಾಯ ಇಲ್ಲದ ಕಾಲಲ್ಲೇ! "ನೋಡಿ ಅಮ್ಮಾ, ಇನ್ನೊಂದು ಕಾಲಲ್ಲೂ ರೆಡಿ ಆಗ್ತಾ ಉಂಟು" ಅಂದ್ರು. 6,500ರ ಬಣ್ಣದ ಕಂಪ್ಯೂಟರ್ ಹೇಳದ್ದನ್ನ ಒಂದು ಶಾಯಿ ಪೇಪರ್ ಹೇಳ್ತು. ಕಂಪ್ಯೂಟರ್ ಕೆಟ್ಟದಲ್ಲ ಆಯ್ತಾ, ಅದ್ರಲ್ಲೂ ಕೆಂಪು ಬಂದಿತ್ತು, ಅದನ್ನ ಓದುವವ ಮಾರುವವನೂ ಆಗಿದ್ದ, ಅಷ್ಟೇ.

ಚಪ್ಪಲಿ ಯಾವಾಗ ಸಿಗ್ತದೆ ಅಂತ ಕೇಳಿದೆ. "ಈಗ ಕೊಡುದಿಲ್ಲ. ಗಾಯ ಮುಚ್ಚದೆ ಚಪ್ಪಲಿ ಅಳತೆ ತಗೊಳ್ಳುದಿಲ್ಲ" ಅಂದ್ರು. ಅಡ್ವಾನ್ಸ್ ಕೊಡ್ಲಿಕ್ಕೆ ಅಣ್ಣ ಪರ್ಸ್ ತೆಗ್ದು ನಿಂತಿದ್ದಾನೆ, ಬೇಡ ಅಂತಾರೆ. ನಮ್ಮೆದುರೇ ಡಾಕ್ಟ್ರಿಗೆ ಫೋನು. ಡಾಕ್ಟ್ರು ಮಂಡಿ ಕೆಳಗಿಂದ ಪೂರ್ತಿ ಪ್ಲಾಸ್ಟರ್ ಹಾಕುವ ಯೋಚನೆಯಲ್ಲಿದ್ರು, ಅಂಗಾಲಿನ ಹುಣ್ಣಿಗೆ ಭಾರ ಹಂಚಿ ಹೋಗುವ ಹಾಗೆ ಹಾಕುವ ಪ್ಲಾಸ್ಟರ್ ಅದು, ಗಾಯಕ್ಕೆ ಅದೇ ಒಳ್ಳೇದಂತೆ. ಇವ್ರು "ಸರ್, ಅಮ್ಮ ನಡೆಯುವಾಗ ವಾಲ್ತಾರೆ, ಬಚ್ಚಲಲ್ಲಿ ಬಿದ್ರೆ ಕಷ್ಟ" ಅಂದ್ರು. ಐದು ನಿಮಿಷ ಇಬ್ರೂ ವಾದ ಮಾಡಿದ್ರು, ಜಗಳ ಅಲ್ಲ, ವಾದ. ಕೊನೆಗೆ ಬಿಚ್ಚಿ ಹಾಕ್ಲಿಕ್ಕೆ ಬರುವ ಬೂಟು, ಒಳಗೆ ಗಾಯದ ಸುತ್ತ ಕುದುರೆ ಲಾಳದ ಹಾಗೆ ಕತ್ತರಿಸಿದ ದಪ್ಪ ಫೆಲ್ಟು, ಒಂದು ವಾಕರ್ ಅಂತ ತೀರ್ಮಾನ. ಡ್ರೆಸ್ಸಿಂಗ್ ಸ್ವಲ್ಪ ಸಡಿಲ ಆಗಿತ್ತು, ನೀವೇ ಸರಿ ಮಾಡಿ ಅಂದ್ರೆ ಕೈ ಹಿಂದೆ ತಗೊಂಡ್ರು. "ಗಾಯ ನನ್ನ ಕೆಲ್ಸ ಅಲ್ಲಮ್ಮಾ, ಡಾಕ್ಟ್ರ ಅಲ್ಲಿ ಸಿಸ್ಟರ್ ಮಾಡ್ತಾರೆ, ಹೋಗುವಾಗ ಮಾಡಿಸ್ಕೊಂಡು ಹೋಗಿ."

ಈ ಒಂದು ಮಾತಿಗೆ ನಾನು ಎರಡು ಸ್ಟಾರ್ ಕೊಡ್ತೇನೆ.

ಪಕ್ಕದ ರೂಮಿನ ಫಿಸಿಯೋ ಬಂದು ಅಮ್ಮನ ಪಾದವನ್ನ ಮೇಲಕ್ಕೆ ಬಾಗಿಸಿ ನೋಡಿದ್ರು, ಬಾಗುದೇ ಇಲ್ಲ. ಮೀನಖಂಡ ಬಿಗಿ ಆದ್ರೆ ಹಿಮ್ಮಡಿ ಬೇಗ ಏಳ್ತದೆ, ಭಾರ ಎಲ್ಲ ಮುಂಗಾಲಿಗೆ ಬೀಳ್ತದೆ, ಗಟ್ಟಿ ಚರ್ಮ ಬರುದಕ್ಕೆ ಅದೂ ಒಂದು ಕಾರಣ ಅಂತ ವಿವರಿಸಿದ್ರು. ಗಾಯ ಇರುವಾಗ ನಿಂತು ಮಾಡುವ ಎಕ್ಸರ್‌ಸೈಸ್ ಬೇಡ, ಕೂತು ಟವೆಲ್ ಹಾಕಿ ಎಳೀರಿ, ನಾಲ್ಕು ಸಲ ಬಂದ್ರೆ ಸಾಕು, ಮತ್ತೆ ಮನೆಯಲ್ಲೇ. ನಾಲ್ಕೇ! ಆಮೇಲೆ ಒಂದು ಹಳದಿ ಕಾರ್ಡು, ಮಡಚುದು, ಅದ್ರಲ್ಲಿ ಡಾಕ್ಟ್ರು, ಸಿಸ್ಟರ್, ಫಿಸಿಯೋ, ಅಂಗಡಿ, ಎಲ್ರೂ ಅವರವ್ರ ಜಾಗದಲ್ಲಿ ತಾರೀಕು ಹಾಕಿ ಏನು ಮಾಡಿದ್ರು ಅಂತ ಬರೀಬೇಕು. ಆ್ಯಪು ಗೀಪು ಎಂತದೂ ಇಲ್ಲ, ಕಾರ್ಡು. ಅಮ್ಮ ಅದನ್ನ ರೇಶನ್ ಕಾರ್ಡಿನ ಕವರಲ್ಲೇ ಇಟ್ಕೊಂಡಿದ್ದಾರೆ.

ಇಷ್ಟೆಲ್ಲ ಹೊಂದಾಣಿಕೆ ನೋಡಿ ನನ್ಗೆ ಬಂದದ್ದು ಸಂಶಯ. ನಾವು ಊರಿನವ್ರು, ಲ್ಯಾಬಿಗೆ ಕಳ್ಸಿದ್ರೂ ಸ್ಕ್ಯಾನಿಂಗಿಗೆ ಕಳ್ಸಿದ್ರೂ ಮೊದ್ಲು ಕೇಳುದು ಅದೇ. ಎರಡನೇ ಸಲ ಹೋದಾಗ ಮುಖಕ್ಕೆ ಕೇಳಿಯೇ ಬಿಟ್ಟೆ, ನಿಮ್ಮೊಳಗೆ ಕಮಿಷನ್ ಉಂಟಾ ಅಂತ. ಅಂಗಡಿಯವ್ರು ನಕ್ಕರು, ಫಿಸಿಯೋ ನಗ್ಲಿಲ್ಲ. ಆಮೇಲೆ ಅವ್ರೇ ಹೇಳಿದ ಕತೆ, ಇಬ್ರಿಗೂ ಒಂದು ವರ್ಷ ಮಾತಿರ್ಲಿಲ್ಲವಂತೆ! ಫಿಸಿಯೋ ತನ್ನ ಟೇಬಲ್ ಮೇಲೆ ರೆಡಿಮೇಡ್ ಜೆಲ್ ಇನ್‌ಸೋಲ್ ಇಟ್ಟು ಮಾರ್ಲಿಕ್ಕೆ ಶುರು ಮಾಡಿದ್ರು, ಇವ್ರಿಗೆ ಹೊಟ್ಟೆಗೆ ಹೊಡೆದ ಹಾಗಾಯ್ತು, ಇವ್ರು ಸಿಟ್ಟಲ್ಲಿ ಹಿಮ್ಮಡಿ ನೋವಿನವ್ರಿಗೆ ತಾವೇ ಎಕ್ಸರ್‌ಸೈಸ್ ಚೀಟಿ ಕೊಡ್ಲಿಕ್ಕೆ ಶುರು ಮಾಡಿದ್ರು. ಒಂದೇ ಗೋಡೆ, ಆಚೆ ಈಚೆ ಎರಡು ಅಂಗಡಿ ಒಂದೇ ರೋಗಿಗೆ. ಒಬ್ಬ ಅಜ್ಜ ಎರಡೂ ಕಡೆ ಎರಡೆರಡು ಸಲ ದುಡ್ಡು ಕೊಟ್ಟು, ಕೊನೆಗೆ ಎರಡೂ ಇನ್‌ಸೋಲನ್ನ ಒಂದೇ ಶೂ ಒಳಗೆ ಒಂದರ ಮೇಲೊಂದು ಹಾಕ್ಕೊಂಡು ಮೆಟ್ಟಿಲಲ್ಲಿ ಜಾರಿದ್ರಂತೆ. ಏನೂ ಆಗ್ಲಿಲ್ಲ ಅವ್ರಿಗೆ ಪುಣ್ಯಕ್ಕೆ, ಆದ್ರೆ ಅವ್ರು ಆ ಮೆಟ್ಟಿಲಲ್ಲೇ ಕೂತು ಇಬ್ರನ್ನೂ ಹೊರಗೆ ಕರೆದು ಬೈದ ಬೈಗುಳ ಕೆಳಗಿನ ಝೆರಾಕ್ಸ್ ಅಂಗಡಿವರೆಗೆ ಕೇಳಿತ್ತಂತೆ. ಮತ್ತೆ ರಾಜಿ. ಸಾಮಾನ್ಯ ಹಿಮ್ಮಡಿ ನೋವು, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಚುಚ್ಚುತ್ತದಲ್ಲ, ಅಂಥದ್ದಕ್ಕೆ ಫಿಸಿಯೋ, ಬೇಕಾದ್ರೆ ರೆಡಿಮೇಡ್ ಇನ್‌ಸೋಲು, ಯಾಕಂದ್ರೆ ಅಂಥ ನೋವಿಗೆ ಅಳತೆ ಕೊಟ್ಟು ಮಾಡಿಸಿದ್ದಕ್ಕೂ ರೆಡಿಮೇಡಿಗೂ ದೊಡ್ಡ ವ್ಯತ್ಯಾಸ ಇಲ್ಲ ಅಂತ ಅಧ್ಯಯನಗಳಲ್ಲೇ ಬಂದಿದೆ. ಸ್ಪರ್ಶ ಹೋದ ಕಾಲು, ಆಕಾರ ಬದಲಾದ ಕಾಲು, ಹುಣ್ಣಾಗಿ ಮಾಗಿದ ಕಾಲು, ಅದೆಲ್ಲ ಇವ್ರಿಗೆ. ಈ ಕತೆ ಕೇಳಿದ ಮೇಲೆ ನನ್ಗೆ ಸಮಾಧಾನ ಆಯ್ತು. ಹುಟ್ಟಾ ದೇವ್ರ ಹಾಗೆ ಇದ್ದವ್ರಾದ್ರೆ ನಂಬ್ಲಿಕ್ಕೆ ಕಷ್ಟ, ಜಗಳ ಆಡಿ ಸರಿ ಆದವ್ರನ್ನ ನಂಬ್ಬಹುದು.

ಆ ರಾತ್ರಿ ನಿದ್ದೆ ಬರ್ಲಿಲ್ಲ, ಮೊಬೈಲಲ್ಲಿ ಓದ್ತಾ ಕೂತೆ. ಈ ಗಡಿ ಜಗಳ ನಮ್ಮೂರಿನ ರೋಗ ಮಾತ್ರ ಅಲ್ಲ ಮಾರಾಯ್ರೆ. ಅಮೆರಿಕದಲ್ಲಿ ಪಾದಕ್ಕೇ ಅಂತ ಬೇರೆ ಡಾಕ್ಟ್ರು, ಪೊಡಿಯಾಟ್ರಿಸ್ಟ್, ನಾಲ್ಕು ವರ್ಷ ಅದೇ ಓದಿ ಮತ್ತೆ ಆಸ್ಪತ್ರೆ ತರಬೇತಿ ಮುಗ್ಸಿ ಆಪರೇಶನ್ನೂ ಮಾಡ್ತಾರೆ. ಅವ್ರಿಗೂ ಎಲುಬಿನ ಡಾಕ್ಟ್ರಿಗೂ ಜಗಳ ಎಂತದ್ದಕ್ಕೆ ಅಂದ್ರೆ, ಪಾದ ಅನ್ನುದು ಎಲ್ಲಿಗೆ ಮುಗೀತದೆ, ಆಂಕಲ್, ಅಂದ್ರೆ ಪಾದ ಕಾಲಿಗೆ ಸೇರುವ ಗಂಟು, ಅದ್ರಲ್ಲಿ ಸೇರ್ತದಾ ಇಲ್ವಾ! ಟೆಕ್ಸಾಸಿನಲ್ಲಿ ಪೊಡಿಯಾಟ್ರಿ ಮಂಡಳಿ ಆಂಕಲ್ಲೂ ಪಾದವೇ ಅಂತ ನಿಯಮ ಮಾಡಿತು, ಎಲುಬಿನ ಡಾಕ್ಟ್ರ ಸಂಘ ಕೋರ್ಟಿಗೆ ಹೋಯ್ತು, 2008ರಲ್ಲಿ ಮೇಲ್ಮನವಿ ಕೋರ್ಟು ಆ ನಿಯಮ ನಿಲ್ಲುದಿಲ್ಲ ಅಂದಿತು. ನಮ್ಮಲ್ಲಿ ಜಾಗದ ಗಡಿಗೆ ಕೋರ್ಟಿಗೆ ಹೋಗ್ತಾರೆ, ಅಲ್ಲಿ ಕಾಲಿನ ಗಡಿಗೂ ಹೋಗ್ತಾರೆ. ಬ್ರಿಟನ್ನಿನಲ್ಲಿ ಪೊಡಿಯಾಟ್ರಿಸ್ಟ್ ಅಂತಾಗ್ಲಿ ಅದ್ರ ಹಳೇ ಹೆಸರು ಕಿರೋಪೊಡಿಸ್ಟ್ ಅಂತಾಗ್ಲಿ ರಿಜಿಸ್ಟರ್ ಆಗದವ್ರು ಹೇಳಿಕೊಳ್ಳುವ ಹಾಗಿಲ್ಲ, ಆದ್ರೆ ಹಿಂದೆ ಅಲ್ಲೂ ಇದ್ದದ್ದು ಬೀದಿಯಲ್ಲಿ ಕೂಗ್ತಾ ಹೋಗಿ ಆಣಿ ತೆಗೆಯುವವ್ರೇ. ನಮ್ಮ ದೇಶದಲ್ಲಿ 2021ರ ಅಲೈಡ್ ಹೆಲ್ತ್ ಕಾನೂನಿನ, ಅಂದ್ರೆ ಡಾಕ್ಟ್ರು ನರ್ಸು ಬಿಟ್ಟು ಬೇರೆ ಆರೋಗ್ಯ ಕೆಲ್ಸದವ್ರ ಕಾನೂನಿನ, ಪಟ್ಟಿಯಲ್ಲಿ ಪೊಡಿಯಾಟ್ರಿಸ್ಟ್ ಅಂತ ಹೆಸರು ಬಂದಿದೆ, ಆದ್ರೆ ಈಗಲೂ ಹೆಚ್ಚಾಗಿ ಈ ಕೆಲ್ಸ ಮಾಡುದು ಎಂಬಿಬಿಎಸ್ ಆಗಿ ಶುಗರ್ ಕಾಲಿನ ತರಬೇತಿ ತಗೊಂಡ ಡಾಕ್ಟ್ರುಗಳೇ. ಅವ್ರು ಒಬ್ರೇ ಎಂತ ಮಾಡ್ಲಿಕ್ಕಾಗ್ತದೆ? ಉಗುರಿನಿಂದ ಚಪ್ಪಲಿಯ ಹೊಲಿಗೆವರೆಗೆ ಒಬ್ರೇ ಮಾಡ್ಲಿಕ್ಕಾಗ್ತದಾ.

ಗಾಯ ಮುಚ್ಲಿಕ್ಕೆ ಏಳು ವಾರ ಹಿಡೀತು. ಆಮೇಲೆ ಚಪ್ಪಲಿ.

ಈ ಚಪ್ಪಲಿಗೆ ಹಾಕುದು ಎಂಸಿಆರ್ ಅಂತ, ಮೈಕ್ರೋಸೆಲ್ಯುಲಾರ್ ರಬ್ಬರ್. ಹೆಬ್ಬೆರಳಲ್ಲಿ ಒತ್ತಿದ್ರೆ ಕುಗ್ಗಿ ಬಿಟ್ಟ ಕೂಡ್ಲೇ ವಾಪಸ್ ಬರ್ತದೆ, ಹಾಗೇ ಕುಗ್ಗಿ ಕೂತ್ರೆ ಅದು ಡೂಪ್ಲಿಕೇಟು ಅಂತ ಮೇಸ್ತ್ರಿ ಎರಡು ತುಂಡು ಕೈಯಲ್ಲಿ ಕೊಟ್ಟು ಒತ್ತಿಸಿ ತೋರಿಸಿದ್ರು. ಇದ್ರ ಕತೆ ವೆಲ್ಲೂರಿನದ್ದು. ಪಾಲ್ ಬ್ರ್ಯಾಂಡ್ ಅಂತ ಸರ್ಜನ್ನು, ತಮಿಳುನಾಡಿನ ಕೊಲ್ಲಿ ಮಲೆಯಲ್ಲೇ ಹುಟ್ಟಿದವ್ರು, 1946ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಬಂದು ಕುಷ್ಠ ರೋಗಿಗಳ ಕಾಲಲ್ಲಿ ಹುಣ್ಣಾಗುದು ರೋಗ ತಿಂದು ಅಲ್ಲ, ನೋವು ಗೊತ್ತಾಗದೆ ಅದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಡ ಬಿದ್ದು ಅಂತ ತೋರಿಸಿಕೊಟ್ಟವ್ರು. ಅವ್ರ ಬಳಗ ಚಪ್ಪಲಿ ಮಾಡುವವ್ರನ್ನ ಜೊತೆಗೆ ಕೂರಿಸ್ಕೊಂಡೇ ಈ ರಬ್ಬರಿನ ಚಪ್ಪಲಿಗೆ ಬಂದದ್ದು. ಅಂಗಡಿಯ ಶೋಕೇಸಲ್ಲಿ ಒಂದು ಹಳೇ ಜೈಪುರ ಫುಟ್ಟೂ ಉಂಟು, ರಬ್ಬರಿನ ಕೃತಕ ಪಾದ, ಅಮ್ಮ ಅದು ಎಂತದು ಅಂತ ಕೇಳಿದ್ರು. ಅಂಗಡಿಯವ್ರು ಗ್ರೈಂಡರ್ ನಿಲ್ಲಿಸಿ ಹೇಳಿದ್ರು: 1968ರಲ್ಲಿ ಜೈಪುರದ ಎಸ್‌ಎಂಎಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಪಿ. ಕೆ. ಸೇಠಿಯವ್ರೂ ರಾಮಚಂದ್ರ ಶರ್ಮ ಅಂತ ಒಬ್ರು ಕುಶಲಕರ್ಮಿಯೂ ಸೇರಿ ಮಾಡಿದ್ದು. ಟೈರ್ ರಿಪೇರಿಯ ರಬ್ಬರ್ ನೋಡಿ ಶರ್ಮ ಅವ್ರಿಗೆ ಐಡಿಯಾ ಹೊಳೀತು ಅಂತ ಹೇಳ್ತಾರೆ. 1981ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ಡಾಕ್ಟ್ರಿಗೆ. ಅಷ್ಟು ಹೊತ್ತು ತಲೆ ತಗ್ಗಿಸಿ ಹೊಲೀತಾ ಇದ್ದ ಮೇಸ್ತ್ರಿ, "ಮತ್ತೆ ರಬ್ಬರಿನವ್ರಿಗೆ ಎಂತ ಸಿಕ್ಕಿತು?" ಅಂತ ಕೇಳಿದ್ರು. ಅಂಗಡಿಯವ್ರು ಗ್ರೈಂಡರ್ ಮತ್ತೆ ಶುರು ಮಾಡಿದ್ರು.

ಹೇಳ್ಬೇಕಾದ ಮಾತು, ಬಿಲ್ಲಲ್ಲಿ ಮೇಸ್ತ್ರಿ ಹೆಸರು ಇಲ್ಲ, ಹಳದಿ ಕಾರ್ಡಲ್ಲೂ ಮೇಸ್ತ್ರಿಗೆ ಅಂತ ಜಾಗ ಇಲ್ಲ. ಇಷ್ಟು ಒಳ್ಳೇ ಅಂಗಡಿಯಲ್ಲಿ ನನ್ಗೆ ಅದೊಂದು ಸರಿ ಕಾಣ್ಲಿಲ್ಲ. ಯಾಕಂದ್ರೆ ಚಪ್ಪಲಿಯಲ್ಲಿ ಅರ್ಧ ಬುದ್ಧಿ ಅವ್ರದ್ದು. ಅಂಗಡಿಯವ್ರು ಅಚ್ಚು ತೆಗೆದು, ಹೆಬ್ಬೆರಳ ಬುಡದ ಸ್ವಲ್ಪ ಹಿಂದೆ ಒಂದು ಉಬ್ಬು ಬರ್ಬೇಕು, ಭಾರ ಅದ್ರ ಮೇಲೆ ಕೂರ್ಬೇಕು, ಮುಂದಿನ ತುದಿ ತೊಟ್ಟಿಲ ಹಾಗೆ ಮೇಲೆ ಬಾಗ್ಬೇಕು ಅಂತ ಗುರುತು ಹಾಕಿ ಕೊಡ್ತಾರೆ. ಮೊಳೆ ಮಾತ್ರ ಹೊಡೀಬಾರ್ದು, ಅಂಟು ಮತ್ತೆ ಹೊಲಿಗೆ ಅಷ್ಟೇ, ಮೊಳೆ ಸವೆದು ಮೇಲೆ ಬಂದ್ರೆ ಸ್ಪರ್ಶ ಇಲ್ಲದ ಕಾಲಿಗೆ ಗೊತ್ತಾಗುದಿಲ್ಲ. ಆದ್ರೆ ಅಮ್ಮ ಕೂತಲ್ಲಿಂದ ಏಳುವಾಗ ಬಲಗಾಲನ್ನ ಹೊರಗೆ ತಿರುಗಿಸಿ ಏಳ್ತಾರೆ, ಹಿಂದಿನ ಪಟ್ಟಿ ಸ್ವಲ್ಪ ಒಳಗೆ ಬರ್ಬೇಕು ಅಂತ ನೋಡಿದ್ದು ಮೇಸ್ತ್ರಿ. ಅಮ್ಮನ ಹಳೇ ಹವಾಯಿ ಚಪ್ಪಲಿಯನ್ನ ತಿರುಗಿಸಿ ಸವೆದ ಜಾಗಕ್ಕೆ ಉಗುರು ಇಟ್ಟು, "ಇಲ್ಲಿ ನೋಡಿ, ಇವ್ರು ಇಷ್ಟು ವರ್ಷ ಎಲ್ಲಿ ನಡೆದಿದ್ದಾರೆ ಅಂತ ಇದ್ರಲ್ಲಿ ಬರ್ದುಂಟು" ಅಂದ್ರು. ಅಷ್ಟೂ ತಜ್ಞರ ಹತ್ರ ಅದೇ ಚಪ್ಪಲಿ ಹಾಕ್ಕೊಂಡೇ ಹೋಗಿದ್ದು ನಾವು, ಬಾಗಿಲಲ್ಲಿ ಬಿಟ್ಟು.

ಇನ್ನು ದೂರುಗಳು. 10 ದಿನ ಅಂತ ಹೇಳಿ ಮೂರು ವಾರ ಮಾಡಿದ್ರು, ಫೋನ್ ಮಾಡಿದ್ರೆ ತೆಗೆಯುದಿಲ್ಲ, ಮೆಷಿನ್ ಶಬ್ದಕ್ಕೆ ಕೇಳುದಿಲ್ಲವಂತೆ. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಲ್ಲಿ ಬಂದು ಆಗಿಲ್ಲ ಅಂತ ವಾಪಸ್ ಹೋದದ್ದೂ ಉಂಟು ಒಂದು ಸಲ, ಆ ದಿನ ನಾನು ಸಿಟ್ಟಲ್ಲಿ ಮಾತಾಡಿದೆ, ಅಮ್ಮ ನನ್ಗೇ ಬೈದ್ರು. ಮೊದಲ ಜೊತೆಯಲ್ಲಿ ಪಟ್ಟಿ ಕಿರುಬೆರಳಿಗೆ ತಾಗಿ ಕೆಂಪಾಯ್ತು, ಅದನ್ನ ದುಡ್ಡು ತಗೊಳ್ಳದೆ ಬದಲಾಯಿಸಿ ಕೊಟ್ರು, ಆದ್ರೆ ಶುಗರ್ ಕಾಲಿನವ್ರಿಗೆ ಹೊಸ ಚಪ್ಪಲಿ ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿ, ತೆಗ್ದು ಕಾಲು ನೋಡಿ, ಮತ್ತೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ಅಂತ ಅವ್ರು ಹೇಳಿ ಕಳ್ಸಿದ್ರು, ಹಾಗಾಗಿ ಬಚಾವ್. ಬಣ್ಣ ಎರಡೇ, ಕಪ್ಪು ಮತ್ತೆ ಒಂಥರಾ ಕೊಳೆತ ಬಾಳೆಹಣ್ಣಿನ ಬ್ರೌನು. ಒಂದು ಜೊತೆ ಚಪ್ಪಲಿಗೆ 2,800 ಆಯ್ತು. ಮಳೆಗಾಲದಲ್ಲಿ ನಮ್ಮ ಕಡೆ ಜೂನಿನಿಂದ ಎಂತದೂ ಒಣಗುದಿಲ್ಲ ಗೊತ್ತಲ್ಲ, ಅಡಿಯ ಅಂಟು ಒಂದು ಕಡೆ ಬಿಟ್ಟಿತು, ಒಳಗೆ ಬೂಷ್ಟು ಬಂತು. ಮಳೆಗಾಲಕ್ಕೆ ಮೊದ್ಲೇ ಎರಡನೇ ಜೊತೆ ಮಾಡಿಸಿ ಅಂತ ಅವ್ರು ಹೇಳಿದ್ದನ್ನ ನಾನು ವ್ಯಾಪಾರದ ಮಾತು ಅಂದ್ಕೊಂಡಿದ್ದೆ.

ಒಮ್ಮೆ ಹುಣ್ಣಾಗಿ ಮಾಗಿದ ಕಾಲಲ್ಲಿ ಒಂದು ವರ್ಷದೊಳಗೆ ಮತ್ತೆ ಹುಣ್ಣಾಗುದು ಸುಮಾರು ಶೇಕಡಾ 40 ಜನರಿಗೆ ಅಂತೆ, ಅದಕ್ಕೇ ಇಂಥವ್ರು ಒಂದರಿಂದ ಮೂರು ತಿಂಗಳಿಗೊಮ್ಮೆ ಕಾಲು ತೋರಿಸ್ಬೇಕು. ಅಮ್ಮ ಆರು ವಾರಕ್ಕೊಮ್ಮೆ ಡಾಕ್ಟ್ರ ಹತ್ರ ಹೋಗ್ತಾರೆ, ಸಿಸ್ಟರ್ ಗಟ್ಟಿ ಚರ್ಮ ಇದ್ರೆ ಹದವಾಗಿ ತೆಗೀತಾರೆ, ಕಾರ್ಡಲ್ಲಿ ಬರೀತಾರೆ, ಹಾಗೇ ಮಹಡಿ ಅಂಗಡಿಗೆ ಹೋದ್ರೆ ಅಂಗಡಿಯವ್ರು ಅದನ್ನ ಓದಿ ಉಬ್ಬು ಒಂದು ಚೂರು ಉಜ್ಜಿ ಸರಿ ಮಾಡ್ತಾರೆ. ಪಾರ್ಲರ್ ಹುಡುಗಿಗೂ ಹೋಗಿ ಹೇಳಿ ಬಂದೆ, ಬೈಲಿಕ್ಕೆ ಅಲ್ಲ, ಶುಗರ್ ಇದ್ದವ್ರಿಗೆ ಬ್ಲೇಡ್ ಹಾಕ್ಬೇಡ, ಬಿಸಿ ನೀರಲ್ಲಿ ಕಾಲು ಇಡಿಸ್ಬೇಡ, ಗಟ್ಟಿ ಚರ್ಮ ಕಂಡ್ರೆ ಡಾಕ್ಟ್ರ ಹತ್ರ ಕಳ್ಸು ಅಂತ. ಅವಳು ಪಾಪ, ಕಲಿಸಿದವ್ರೇ ಹಾಗೆ ಕಲಿಸಿದ್ದು ಅಕ್ಕಾ ಅಂದ್ಲು. ಆಮೇಲೆ ಒಬ್ರನ್ನ ಕಳ್ಸಿದ್ಲಂತೆ ನಿಜವಾಗಿಯೂ, ಅಂಗಡಿಯಲ್ಲಿ ಹೇಳಿದ್ರು.

ಈಗಿನ ಸಮಸ್ಯೆ ಬೇರೆ. ಮನೆ ಒಳಗೂ ಬರಿಗಾಲಲ್ಲಿ ನಡೀಬಾರ್ದು ಅಂತ ಆರ್ಡರು. ಮನೆ ಒಳಗೆ ಚಪ್ಪಲಿಯಾ ಅಂತ ಅಮ್ಮ ಮೂರು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಮೇಸ್ತ್ರಿ ಒಂದು ಹೊಸ ಜೊತೆ ಮಾಡಿ, ಇದು ಅಂಗಳವನ್ನೂ ನೋಡಿದ್ದಲ್ಲ ಅಮ್ಮಾ ಅಂತ ಅಡಿಯಲ್ಲಿ ಪೆನ್ನಲ್ಲಿ "ಮನೆ" ಅಂತ ಬರೆದು ಕೊಟ್ಟ ಮೇಲೆ ಒಪ್ಪಿದ್ರು. ಕೃಷ್ಣ ಮಠಕ್ಕೆ ಹೋಗುದಾದ್ರೆ ಬಿಸಿಲು ಏರುವ ಮೊದ್ಲು, ದಪ್ಪ ಹತ್ತಿ ಸಾಕ್ಸ್ ಹಾಕ್ಕೊಂಡು, ಏಪ್ರಿಲ್ ಮಧ್ಯಾಹ್ನದ ಕಲ್ಲು ಇಂಥ ಕಾಲನ್ನ ಸುಟ್ರೂ ಗೊತ್ತಾಗುದಿಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ, ಅದಕ್ಕೂ ಹೂಂ ಅಂದಿದ್ದಾರೆ. ದೇವ್ರ ಕೋಣೆಗೆ ಮಾತ್ರ "ಮನೆ" ಚಪ್ಪಲಿಯೂ ನಡೆಯುದಿಲ್ಲ, ಹೊಸ್ತಿಲಲ್ಲಿ ಬಿಟ್ಟು ಬರಿಗಾಲಲ್ಲೇ ಹೋಗ್ತಾರೆ. ಹೋದ ವಾರ ಅಮ್ಮ ನನ್ಗೆ ಹೇಳದೆ ಮೇಸ್ತ್ರಿಗೆ ಫೋನ್ ಮಾಡಿ, ಚರ್ಮ ಗಿರ್ಮ ಎಂತದೂ ಇಲ್ಲದ್ದು, ಬರೀ ರಬ್ಬರು ಮತ್ತೆ ಬಟ್ಟೆ, ಒಗೀಲಿಕ್ಕೆ ಬರುವಂಥದ್ದು ಒಂದು ಜೊತೆ ಆಗ್ತದಾ ಅಂತ ಕೇಳಿದ್ದಾರೆ. ಆಗ್ತದೆ ಅಂದ್ರಂತೆ. ಮಂಗಳವಾರ ಅಳತೆಗೆ ಹೋಗ್ಬೇಕು, ಮತ್ತೆ 22 ಮೆಟ್ಟಿಲು.